ಅಪ್ಪನ ಹಾಡಿನ ಹಿಂದೆ ‘ಗುಂಯ್’ ಅನ್ನುವ ಸದ್ದು: ಮನೆಯಲ್ಲಿ ರೆಕಾರ್ಡ್ ಮಾಡುವವರು ದಾರಿ ಹೇಳಿ

ಡೊಂಬಿವಲಿ ಮಗಳು | ಶನಿವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಈಗ 74. ಗದಗ ಕಡೆಯವರು. ಅವರ ಅವ್ವ ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ದಾಸರ ಪದಗಳು ಅಪ್ಪನಿಗೆ ಇವತ್ತಿಗೂ ಬಾಯಲ್ಲೇ ಇವೆ. ನಲವತ್ತಕ್ಕೂ ಜಾಸ್ತಿ. ಸಾಹಿತ್ಯ ಪುಸ್ತಕದಲ್ಲಿ ಸಿಗುತ್ತದೆ, ಆದರೆ ಆ ಧಾಟಿ ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಅಪ್ಪನ ದನಿ ಗಟ್ಟಿಯಾಗಿರುವಾಗಲೇ ಎಲ್ಲವನ್ನೂ ತೆಗೆದಿಡಬೇಕು ಅಂತ ನನ್ನಾಸೆ.

ಎರಡು ಮೈಕ್ ಹಾಕಬಹುದಾದ, ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸುವ ಒಂದು ಇಂಟರ್‌ಫೇಸ್, ಸಣ್ಣ ಸದ್ದನ್ನೂ ಹಿಡಿಯುವ ಒಂದು ಕಂಡೆನ್ಸರ್ ಮೈಕ್ ತಗೊಂಡೆ. ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಇದೆ. ಅಪ್ಪ ನೆಲದ ಮೇಲೆ ಕೂತು ಹಾರ್ಮೋನಿಯಂ ನುಡಿಸಿಕೊಂಡು ಹಾಡುತ್ತಾರೆ. ಅಮ್ಮ ಪಕ್ಕದಲ್ಲಿ ಕೂತು ತಾಳ ಹಾಕುತ್ತಾರೆ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿರುತ್ತೇವೆ.

ತೊಂದರೆ ಏನೆಂದರೆ, ಹಾಡಿನ ಹಿಂದೆ ಒಂದು ‘ಗುಂಯ್’ ಸದ್ದು ಸದಾ ಇರುತ್ತದೆ. ಅದರ ಮೇಲೆ ‘ಸ್ಸ್’ ಅನ್ನುವ ಇನ್ನೊಂದು. ಇವೆರಡೂ ಸಾಲದು ಅಂತ ಲೋಕಲ್ ಟ್ರೇನು, ಕಿಟಕಿ ಮೇಲಿನ ಪಾರಿವಾಳ, ಎದುರು ಮನೆ ಕುಕ್ಕರ್ ಸೀಟಿ. ಗೋಡೆಗೆ ಕಪ್ಪು ಫೋಮ್ ಹಚ್ಚಿದೆ. ಟ್ರೇನಿನ ಸದ್ದು ಒಂದಿಷ್ಟೂ ಕಡಿಮೆಯಾಗಲಿಲ್ಲ. ಆಮೇಲೆ ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ (ಹಿಂದಿನ ಸದ್ದು ತೆಗೆಯುವ ಆಯ್ಕೆ) ಮಾಡಿದೆ. ಹಾಡು ಶುರುವಾಗುವ ಮುಂಚಿನ 5 ಸೆಕೆಂಡ್ ಆರಿಸಿ, ಅದನ್ನೇ ಮಾದರಿ ಅಂತ ಕೊಟ್ಟೆ. ಸದ್ದೇನೋ ಹೋಯಿತು. ಆದರೆ ಅಪ್ಪ ಬಾವಿಯೊಳಗೆ ಕೂತು ಹಾಡಿದಂತಾಯಿತು. ತಂಬೂರಿ ಮಾಯ. ಅಪ್ಪನ ಷಡ್ಜ ಸೊರಗಿ ಹೋಯಿತು. ಕೇಳಿಸಿದಾಗ ಅವರು ಏನೂ ಮಾತಾಡಲಿಲ್ಲ, ಸುಮ್ನೆ ಎದ್ದು ಹೋದರು. ಅದೇ ನನಗೆ ಜಾಸ್ತಿ ಬೇಜಾರಾಯಿತು.

ಏನು ಮಾಡಲಿ?

ಮುಲುಂಡ್ ಮೈಕ್ | ಶನಿವಾರ, ರಾತ್ರಿ 11:25

ತಂಗಿ, ಮೊದಲು ಆ ಸಾಫ್ಟ್‌ವೇರ್ ಪಕ್ಕಕ್ಕಿಡಿ. ಅದು ಕೊನೆಯ ಕೆಲಸ. ನಾನು ಅಂಧೇರಿಯಲ್ಲಿ ಡಬ್ಬಿಂಗ್ ಸ್ಟುಡಿಯೋದಲ್ಲಿ ಕೂತು 18 ವರ್ಷವಾಯಿತು. ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ‘ಸದ್ದು’ ಅಂತ ಒಂದೇ ವಸ್ತು ಇಲ್ಲ. ನೀವು ಹೇಳಿದ್ದರಲ್ಲೇ ಕನಿಷ್ಠ ನಾಲ್ಕಿವೆ. ಒಂದು ವೈರಿನಿಂದ ಬರುತ್ತದೆ, ಒಂದು ಗೇನಿನಿಂದ (ಮೈಕಿನ ದನಿ ಏರಿಸುವ ಗುಂಡಿ), ಒಂದು ಕಿಟಕಿಯಿಂದ, ಇನ್ನೊಂದು ನೆಲದಿಂದ. ಯಾವುದು ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಔಷಧಿ ಕೊಟ್ಟರೆ ಹಾಡೇ ಸಾಯುತ್ತದೆ.

ನಾಳೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಅಪ್ಪ ಬೇಡ, ಹಾರ್ಮೋನಿಯಂ ಬೇಡ. ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿ, ಸಲಕ್ಕೆ ಒಂದೊಂದು ನಿಮಿಷ. ಮೊದಲು ಎಲ್ಲ ಇದ್ದ ಹಾಗೆ. ಆಮೇಲೆ ಫ್ಯಾನ್ ಆರಿಸಿ. ಆಮೇಲೆ ಫ್ರಿಜ್. ಆಮೇಲೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ. ಆಮೇಲೆ ಟ್ಯೂಬ್‌ಲೈಟ್, ಎಲ್‌ಇಡಿ ಎಲ್ಲ ಆರಿಸಿ. ಕೊನೆಗೆ ಮೈಕಿನ ಕೇಬಲ್ಲನ್ನೇ ತೆಗೆದು, ಗೇನ್ ಹಾಗೇ ಬಿಟ್ಟು ಒಂದು ನಿಮಿಷ. (ಕೇಬಲ್ ತೆಗೆಯುವ ಮುಂಚೆ ಮೈಕಿಗೆ ಕರೆಂಟು ಕೊಡುವ 48 ವೋಲ್ಟ್ ಗುಂಡಿ ಆಫ್ ಮಾಡಿ.) ಪ್ರತಿ ಸಲ ಏನು ಮಾಡಿದ್ದೀರಿ ಅಂತ ಬಾಯಿಂದಲೇ ಹೇಳಿ ಶುರು ಮಾಡಿ, ಆಮೇಲೆ ಗೊಂದಲ ಇರುವುದಿಲ್ಲ. ಹೆಡ್‌ಫೋನ್ ಹಾಕಿ ಕೇಳಿ, ಯಾವ ಹೆಜ್ಜೆಯಲ್ಲಿ ಏನು ಮಾಯವಾಯಿತು ಅಂತ ಇಲ್ಲಿ ಬರೆಯಿರಿ.

ಫ್ರಿಜ್ ಆರಿಸುವಾಗ ಮನೆಯ ಬೀಗದ ಕೈ ಅದರೊಳಗೆ ಇಡಿ. ಆಗ ಮತ್ತೆ ಹಾಕುವುದು ಮರೆಯುವುದಿಲ್ಲ. ನಮ್ಮ ಲೈನಿನವರು ಹೊರಗೆ ಶೂಟಿಂಗಿಗೆ ಹೋದಾಗ ಹೀಗೇ ಮಾಡುತ್ತಾರೆ.

ಮೈಕ್ ಅಪ್ಪನ ಬಾಯಿಂದ ಎಷ್ಟು ದೂರ ಇದೆ?

ಕೊಥ್ರೂಡ್ ಗಿಟಾರ್ | ಭಾನುವಾರ, ಬೆಳಿಗ್ಗೆ 8:05

ನನಗೆ ಅನುಮಾನ ಚಾರ್ಜರ್ ಮೇಲೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅದು ಆಡಿಯೊದೊಳಗೆ ನುಗ್ಗಿದರೆ 50, 100, 150 ಹೀಗೆ ಮೇಲಕ್ಕೆ ಮೆಟ್ಟಿಲು ಹಾಕಿಕೊಂಡು ಬರುತ್ತದೆ. 50 ಒಂದೇ ಇದ್ದರೆ ಸಣ್ಣ ಸ್ಪೀಕರಿನಲ್ಲಿ ಕೇಳಿಸುವುದೂ ಇಲ್ಲ. ನಮ್ಮ ಕಿವಿಗೆ ‘ಗುಂಯ್’ ಅಂತ ಬೀಳುವುದು ಜಾಸ್ತಿ ಆ ಮೇಲಿನವೇ.

ನಾನು ನುಡಿಸುವುದು ತಂತಿಯ ಒಂದೇ ಸುರುಳಿಯಿಂದ ನಾದ ಹಿಡಿಯುವ ಸಿಂಗಲ್ ಕಾಯಿಲ್ ಗಿಟಾರ್. ಅದು ಸುತ್ತಲಿನ ವೈರುಗಳ ಸದ್ದನ್ನೆಲ್ಲ ಹಿಡಿಯುತ್ತದೆ. ಎರಡು ಸುರುಳಿಗಳನ್ನು ಎದುರುಬದುರು ಜೋಡಿಸಿ ಈ ಗುಂಯ್‌ಗುಡುವಿಕೆಯನ್ನು ಕೊಲ್ಲುವ ಹಂಬಕರ್ ಬಂದಿದ್ದು 1950ರ ದಶಕದಲ್ಲಿ. ಕಾರಣ ಇದೇ. ನನ್ನ ಕೋಣೆಯಲ್ಲಿ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ 3ರಲ್ಲಿದ್ದಾಗ ಗಿಟಾರು ಜೀರುಂಡೆಯ ಹಾಗೆ ಕಿರುಗುಡುತ್ತಿತ್ತು. 5ಕ್ಕೆ ತಿರುಗಿಸಿದರೆ, ಇಲ್ಲ ಪೂರ್ತಿ ಆರಿಸಿದರೆ ಮಾಯ. ಕುರ್ಚಿಯಲ್ಲಿ ಕೂತಲ್ಲೇ 90 ಡಿಗ್ರಿ ತಿರುಗಿದರೂ ಅರ್ಧ ಇಳಿಯುತ್ತದೆ. ನಿಮ್ಮ ಮೈಕಿನ ಕೇಬಲ್ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಆಗಿರುವುದರಿಂದ ಅಷ್ಟು ಕಷ್ಟ ಬರಬಾರದು. ಅದರಲ್ಲಿ ಒಂದೇ ಸಿಗ್ನಲ್ ಎರಡು ತಂತಿಯಲ್ಲಿ ಉಲ್ಟಾಪಲ್ಟಾ ಹೋಗುತ್ತದೆ. ದಾರಿಯಲ್ಲಿ ಸೇರಿದ ಸದ್ದು ಎರಡರಲ್ಲೂ ಒಂದೇ ಥರ ಇರುವುದರಿಂದ ಕೊನೆಯಲ್ಲಿ ಒಂದನ್ನೊಂದು ಕಳೆದುಬಿಡುತ್ತದೆ. ಆದರೂ ಮೈಕ್ ಕೇಬಲ್ಲನ್ನು ಚಾರ್ಜರ್ ವೈರಿನ ಜೊತೆ ಸುತ್ತಿಡಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಹಡಪ್ಸರ್ ಹಾರ್ಮೋನಿಯಂ | ಭಾನುವಾರ, ಬೆಳಿಗ್ಗೆ 9:30

ನನಗೂ ಇದೇ ಗುಂಯ್ ಇತ್ತು. ಚಾರ್ಜರಿನ ಮೂರನೇ ದಪ್ಪ ಪಿನ್ ತೆಗೆಸಿದೆ, ಕೂಡಲೇ ಹೋಯಿತು. ಒಂದು ನಿಮಿಷದ ಕೆಲಸ.

ಭಾಂಡುಪ್ ವೈರಿಂಗ್ | ಭಾನುವಾರ, ಬೆಳಿಗ್ಗೆ 9:52

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹಡಪ್ಸರ್ ಅಣ್ಣಾ, ನೀವೂ ಇವತ್ತೇ ಆ ಚಾರ್ಜರ್ ಬದಲಿಸಿ.

ನಾನು ಮೂವತ್ತು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಆ ದಪ್ಪ ಪಿನ್ ಇರುವುದು ಒಳಗೆ ಏನಾದರೂ ಕೆಟ್ಟು ಮೈಗೆ ಕರೆಂಟು ಬಂದರೆ ಅದು ಭೂಮಿಗೆ ಇಳಿದು ಹೋಗಲಿ ಅಂತ. ಅದನ್ನು ತೆಗೆದರೆ ಕರೆಂಟಿಗೆ ಭೂಮಿಗೆ ಹೋಗಲು ಉಳಿಯುವ ದಾರಿ ನಿಮ್ಮ ಮೈ. 230 ವೋಲ್ಟ್. ಮೈಕಿನ ಲೋಹಕ್ಕೆ ತುಟಿ ತಾಗಿಸಿ ಹಾಡುವವರು, ಬರಿಗಾಲಲ್ಲಿ ಟೈಲ್ಸ್ ಮೇಲೆ ಕೂತವರು. ಯೋಚನೆ ಮಾಡಿ.

ಪಿನ್ ತೆಗೆದಾಗ ಗುಂಯ್ ಹೋಯಿತು ಅಂದರೆ ನಿಮ್ಮಲ್ಲಿ ಅರ್ಥ್ ಲೂಪ್ ಇದೆ ಅಂತ. ಒಂದು ಸಾಮಾನು ಒಂದು ಪಾಯಿಂಟಿನಲ್ಲಿ, ಇನ್ನೊಂದು ಬೇರೆ ಪಾಯಿಂಟಿನಲ್ಲಿ, ನಡುವೆ ಆಡಿಯೊ ಕೇಬಲ್. ಹೀಗಿದ್ದಾಗ ಎರಡು ಅರ್ಥಿಂಗಿನ ನಡುವೆ ಸಣ್ಣ ಕರೆಂಟು ಸುತ್ತು ಹಾಕುತ್ತದೆ. ಅದಕ್ಕೆ ಮದ್ದು ಎಲ್ಲವನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು. ಲ್ಯಾಪ್‌ಟಾಪ್, ಸ್ಪೀಕರ್, ಎಲ್ಲ ಒಂದೇ ಕಡೆಯಿಂದ.

ತಂಗಿ, ನಿಮಗೊಂದು ಪ್ರಶ್ನೆ. ಚಾರ್ಜರ್ ಹಾಕಿರುವಾಗ ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತದೆಯೇ?

ಹಡಪ್ಸರ್ ಹಾರ್ಮೋನಿಯಂ | ಭಾನುವಾರ, ಬೆಳಿಗ್ಗೆ 10:10

ಅಣ್ಣ ಹೇಳಿದ್ದು ಸರಿ. ನನಗೆ ಇಷ್ಟು ಗೊತ್ತಿರಲಿಲ್ಲ. ಹೊಸ ಚಾರ್ಜರ್ ತರುತ್ತೇನೆ. ನನ್ನ ಮಾತು ಯಾರೂ ಅನುಸರಿಸಬೇಡಿ.

ಡೊಂಬಿವಲಿ ಮಗಳು | ಭಾನುವಾರ, ಸಂಜೆ 6:15

ಎಲ್ಲರೂ ಇಷ್ಟು ಬರೆದಿದ್ದೀರಿ, ಕಣ್ಣು ತುಂಬಿತು. ಒಂದೊಂದು ನಿಮಿಷದ ಪರೀಕ್ಷೆ ಮಾಡಿದೆ.

ಫ್ಯಾನ್ ಮೊದಲೇ ಆರಿಸುತ್ತಿದ್ದೆವು. ಫ್ರಿಜ್ ಆರಿಸಿದಾಗ ಒಂದು ಮೆಲ್ಲನೆಯ ಗುನುಗು ನಿಂತಿತು. ಅದು ಫ್ರಿಜ್ಜಿನದು ಅಂತ ಗೊತ್ತೇ ಇರಲಿಲ್ಲ, ಅಷ್ಟು ಅಭ್ಯಾಸವಾಗಿದೆ. ಚಾರ್ಜರ್ ಕಿತ್ತ ತಕ್ಷಣ ‘ಗುಂಯ್’ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಕೇಬಲ್ ತೆಗೆದರೂ ‘ಸ್ಸ್’ ಸ್ವಲ್ಪ ಉಳಿಯಿತು. ಗೇನ್ ಗುಂಡಿ ಮುಕ್ಕಾಲು ಭಾಗ ತಿರುಗಿಸಿದ್ದೇನೆ, ಇಲ್ಲವಾದರೆ ಅಪ್ಪನ ದನಿ ಸಾಲುವುದಿಲ್ಲ.

ಭಾಂಡುಪ್ ಅಣ್ಣ, ಹೌದು, ಜುಂ ಅನ್ನುತ್ತದೆ! ಎಲ್ಲ ಲ್ಯಾಪ್‌ಟಾಪೂ ಹಾಗೇ ಅಂದುಕೊಂಡಿದ್ದೆ.

ಮುಲುಂಡ್ ಸರ್, ಟೇಪ್ ಹಿಡಿದು ಅಳೆದೆ. ಮೈಕ್ ಅಪ್ಪನ ಬಾಯಿಂದ 32 ಇಂಚು. ಹಾರ್ಮೋನಿಯಂ, ಅಮ್ಮನ ತಾಳ ಎಲ್ಲ ಸೇರಿ ಬರಲಿ ಅಂತ ದೂರ ಇಟ್ಟಿದ್ದೆ.

ಭಾಂಡುಪ್ ವೈರಿಂಗ್ | ಭಾನುವಾರ, ಸಂಜೆ 7:00

ಹಾಗಾದರೆ ಆ ಪಾಯಿಂಟಿನಲ್ಲಿ ಅರ್ಥಿಂಗ್ ಇಲ್ಲ, ಇಲ್ಲವೇ ಕಡಿದಿದೆ. ಹಳೇ ಬಿಲ್ಡಿಂಗುಗಳಲ್ಲಿ ಇದು ಬಹಳ. ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಎರಡೇ ವೈರು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಮೀಟರಿನಿಂದ ನೋಡಲು ಹೇಳಿ. ಫೇಸಿಗೂ ಅರ್ಥಿಗೂ ನಡುವೆ 230ರ ಆಸುಪಾಸು ಬರಬೇಕು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟ್ ಅಷ್ಟೆ. ನೀವೇ ಕೈ ಹಾಕಬೇಡಿ. ಇದು ಹಾಡಿಗಾಗಿ ಮಾತ್ರ ಅಲ್ಲ, ಮನೆಯವರ ಜೀವಕ್ಕಾಗಿ. ಅಲ್ಲಿಯವರೆಗೆ ರೆಕಾರ್ಡಿಂಗ್ ಬ್ಯಾಟರಿ ಮೇಲೆ ನಡೆಯಲಿ.

ಮುಲುಂಡ್ ಮೈಕ್ | ಭಾನುವಾರ, ರಾತ್ರಿ 10:30

32 ಇಂಚು! ಸಿಕ್ಕಿತು ನೋಡಿ.

ಈಗ ಲೆಕ್ಕ ಕೇಳಿ. ಮೈಕಿನ ದೂರ ಅರ್ಧ ಮಾಡಿದರೆ ಬಾಯಿಂದ ನೇರ ಬರುವ ದನಿ 6 ಡೆಸಿಬಲ್ ಏರುತ್ತದೆ. 32ರಿಂದ 16ಕ್ಕೆ 6, 16ರಿಂದ 8ಕ್ಕೆ ಇನ್ನೊಂದು 6. ಒಟ್ಟು 12 ಡೆಸಿಬಲ್. ಅಂದರೆ ಗೇನ್ 12 ಇಳಿಸಬಹುದು. ಗೇನ್ ಇಳಿಸಿದಷ್ಟೂ ‘ಸ್ಸ್’ ಇಳಿಯುತ್ತದೆ, ಪಾರಿವಾಳ ಇಳಿಯುತ್ತದೆ, ಟ್ರೇನೂ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲ. ಯಾವ ಸಾಫ್ಟ್‌ವೇರೂ ದನಿಗೆ ಪೆಟ್ಟು ಕೊಡದೆ ಇಷ್ಟು ಕೊಡುವುದಿಲ್ಲ.

ಎಂಟು ಇಂಚು, ಅಂದರೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು. ನಡುವೆ ‘ಪ’, ‘ಬ’ ಅಕ್ಷರಗಳ ಗಾಳಿ ತಡೆಯುವ ಪಾಪ್ ಫಿಲ್ಟರ್ ಇರಲಿ. ಗೇನ್ ಎಷ್ಟು ಅಂದರೆ, ಅಪ್ಪ ಅತಿ ಜೋರಾಗಿ ಹಾಡುವ ಸಾಲಿನಲ್ಲಿ ಆಡಾಸಿಟಿಯ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ಬರಬೇಕು (ಸೊನ್ನೆ ಅದರ ತುದಿ). ಅದಕ್ಕಿಂತ ಮೇಲೆ ತಳ್ಳುವ ಅಗತ್ಯ ಇಲ್ಲ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. 16 ಬಿಟ್‌ಗೆ ಲೆಕ್ಕದಲ್ಲಿ ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ 96 ಡೆಸಿಬಲ್ ಹರವು, 24 ಬಿಟ್‌ಗೆ 144. ದನಿ ಸಣ್ಣದಾಗಿ ಬಂದರೂ ಆಮೇಲೆ ಏರಿಸಿಕೊಳ್ಳಬಹುದು.

ಇನ್ನು ದಿಕ್ಕು. ನಿಮ್ಮದು ಕಾರ್ಡಿಯಾಯ್ಡ್ ಮೈಕ್ ಇರಬೇಕು. ಅದಕ್ಕೆ ಎದುರಿನದು ಚೆನ್ನಾಗಿ ಕೇಳುತ್ತದೆ, ಬೆನ್ನ ಹಿಂದಿನದು ಅತಿ ಕಡಿಮೆ. ಆದ್ದರಿಂದ ಎದುರಿಗೆ ಹಾಡುವವರನ್ನು ಕೂರಿಸುವಷ್ಟೇ ಜಾಗ್ರತೆಯಿಂದ, ಬೆನ್ನ ಹಿಂದೆ ಬೇಡದ ಸದ್ದನ್ನು ‘ಕೂರಿಸಬೇಕು’. ಅಪ್ಪ ಕಿಟಕಿಗೆ ಮುಖ ಮಾಡಿ ಕೂರಲಿ. ಮೈಕಿನ ಬೆನ್ನು ಕಿಟಕಿಗೆ. ಮೈಕನ್ನು ಬಾಯಿಗಿಂತ ಸ್ವಲ್ಪ ಕೆಳಗಿಟ್ಟು ಮೇಲಕ್ಕೆ ವಾಲಿಸಿ. ಆಗ ಹಾರ್ಮೋನಿಯಂ ಕೂಡ ಬೆನ್ನ ಕಡೆಗೆ ಬೀಳುತ್ತದೆ. ಅದರ ತಿದಿಯ ಉಸಿರು, ಬೆರಳಿನಿಂದ ಒತ್ತುವ ಮನೆಗಳ (ಕೀಗಳ) ಟಕಟಕ ಎರಡೂ ಕಡಿಮೆಯಾಗುತ್ತವೆ. ಹಾರ್ಮೋನಿಯಂ ನಾದ ಜೋರು, ಅದು ಹೇಗೂ ಬರುತ್ತದೆ. ಒಂದು ವಿಷಯ ಮರೆಯಬೇಡಿ. ಇಂಥ ಮೈಕುಗಳಲ್ಲಿ ಬಹಳಷ್ಟಕ್ಕೆ ಹಾಡುವುದು ತಲೆಯ ಕಡೆಯಿಂದ ಅಲ್ಲ, ಪಕ್ಕದಿಂದ. ಗುರುತು ಇರುವ ಮುಖ ಅಪ್ಪನ ಕಡೆಗೆ ಇರಬೇಕು.

ಸ್ಟ್ಯಾಂಡಿನ ಕೆಳಗೆ ಮಡಿಸಿದ ಚಾಪೆ, ಅದರ ಮೇಲೆ ದಪ್ಪ ರಬ್ಬರ್ ಮ್ಯಾಟ್. ಟ್ರೇನಿನ ಗುಡುಗು ಗಾಳಿಯಲ್ಲಿ ಮಾತ್ರ ಅಲ್ಲ, ನೆಲದಲ್ಲೂ ಬರುತ್ತದೆ.

ಕೊಥ್ರೂಡ್ ಗಿಟಾರ್ | ಭಾನುವಾರ, ರಾತ್ರಿ 10:48

ಇದಕ್ಕಿಂತ ಒಳ್ಳೆಯ ಮೈಕ್ ತಗೊಂಡರೆ ‘ಸ್ಸ್’ ಹೋಗುವುದಿಲ್ಲವೇ ಸರ್?

ಮುಲುಂಡ್ ಮೈಕ್ | ಭಾನುವಾರ, ರಾತ್ರಿ 11:02

ದುಡ್ಡು ದಂಡ. ದೊಡ್ಡ ಡಯಾಫ್ರಂ (ದನಿ ಹಿಡಿಯುವ ಪೊರೆ) ಇರುವ ಸಾಧಾರಣ ಬೆಲೆಯ ಕಂಡೆನ್ಸರಿನಲ್ಲೂ ಒಳಗಿನ ಸದ್ದು ಈಗ ಹೆಚ್ಚಾಗಿ 20 ಡೆಸಿಬಲ್ ಒಳಗೇ. ನಮ್ಮ ಸರಕಾರದ 2000ನೇ ಇಸವಿಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಮಿತಿ ಇದೆ. ಬೀದಿಯಲ್ಲೇ ಅಷ್ಟಿರುವಾಗ, ಕಿಟಕಿ ಮುಚ್ಚಿದ ಕೋಣೆಯೂ ಮೈಕಿಗಿಂತ ಎಷ್ಟೋ ಪಾಲು ಗದ್ದಲದ್ದೇ. ಸದ್ದು ಮಾಡುತ್ತಿರುವುದು ಕೋಣೆ, ಮೈಕಲ್ಲ.

ಮಾಟುಂಗಾ ಮೃದಂಗ | ಸೋಮವಾರ, ಬೆಳಿಗ್ಗೆ 7:20

ಎಲ್ಲ ಓದಿದೆ. ಯಾರೂ ಗಮನಿಸದ ಒಂದು ವಿಷಯ ಇದೆ. ತಂಗಿ ಮೊದಲ ದಿನ ಏನು ಬರೆದಿದ್ದಾರೆ ನೋಡಿ: ‘ಹಾಡು ಶುರುವಾಗುವ ಮುಂಚಿನ 5 ಸೆಕೆಂಡ್ ಆರಿಸಿ ಮಾದರಿ ಕೊಟ್ಟೆ.’ ಆ 5 ಸೆಕೆಂಡಿನಲ್ಲಿ ತಂಬೂರಿ ಮಿಡಿಯುತ್ತಿತ್ತು ಅಲ್ವಾ?

ಅಲ್ಲಿಗೆ ಮುಗಿಯಿತು. ಸಾಫ್ಟ್‌ವೇರಿಗೆ ‘ಇದೇ ಕಸ, ಇದನ್ನು ತೆಗೆ’ ಅಂತ ನೀವೇ ತಂಬೂರಿಯನ್ನು ತೋರಿಸಿಕೊಟ್ಟಿರಿ. ಅದು ಹೇಳಿದ ಮಾತು ಕೇಳಿತು. ತಂಬೂರಿಯ ಸಾ-ಪ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕತ್ತರಿ ಹಾಕಿತು. ಅಪ್ಪನ ಷಡ್ಜವೂ ಅದೇ ಜಾಗದಲ್ಲಿ ಇರುವುದರಿಂದ ಅದೂ ಹೋಯಿತು. ಷಡ್ಜ ಸೊರಗಿದ್ದು ಅದಕ್ಕೇ.

ಈ ಯಂತ್ರಗಳು ನಮ್ಮ ಸಂಗೀತಕ್ಕೆ ಮಾಡುವ ಅನ್ಯಾಯ ಇದೇ ನೋಡಿ. ಅವುಗಳ ಲೆಕ್ಕದಲ್ಲಿ ಒಂದೇ ಸಮನೆ ಇರುವುದೆಲ್ಲ ಸದ್ದು, ಬದಲಾಗುವುದು ಮಾತು. ಫ್ಯಾನ್ ಒಂದೇ ಸಮ. ತಂಬೂರಿಯೂ ಒಂದೇ ಸಮ. ಆನ್‌ಲೈನ್ ಪಾಠದಲ್ಲಿ ಗುರುಗಳ ತಂಬೂರಿ ಆಗಾಗ ನಿಂತು ಹೋಗುವುದು ಇದಕ್ಕೇ. ಝೂಮ್‌ನಲ್ಲಿ ಸಂಗೀತಗಾರರಿಗೆ ಅಂತ ‘ಒರಿಜಿನಲ್ ಸೌಂಡ್’ ಬೇರೆ ಕೊಟ್ಟಿದ್ದಾರೆ, ಅದನ್ನು ಹಾಕಿದರೆ ಮಾತ್ರ ಉಳಿಯುತ್ತದೆ.

ಇನ್ನೊಂದು. ಯಾರಾದರೂ ನಿಮಗೆ ‘80 ಹರ್ಟ್ಸ್ ಕೆಳಗಿನದೆಲ್ಲ ಕತ್ತರಿಸಿ, ಟ್ರೇನು ಹೋಗುತ್ತದೆ’ ಅನ್ನುತ್ತಾರೆ. ದನಿಗೆ ಅದು ಸರಿ. ಅಪ್ಪನ ಶ್ರುತಿ ಎಷ್ಟು? ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅಂತಿಟ್ಟುಕೊಳ್ಳಿ. ಅವರ ಷಡ್ಜ ಸುಮಾರು 139 ಹರ್ಟ್ಸ್, ಮಂದ್ರ ಪಂಚಮ 104. 80ರಲ್ಲಿ ಕತ್ತರಿಸಿದರೆ ದನಿಗೆ ಏನೂ ಆಗದು. ಆದರೆ ತಂಬೂರಿಯ ಖರ್ಜದ (ಕೆಳಗಿನ ಷಡ್ಜದ) ತಂತಿ ಅಪ್ಪನ ಷಡ್ಜದ ಅರ್ಧ, 69. ಕತ್ತರಿ ಅದರ ಬುಡಕ್ಕೇ ಬೀಳುತ್ತದೆ. ತಂಬೂರಿ ಬೇರೆ ಟ್ರ್ಯಾಕಿನಲ್ಲಿ ಇರಬೇಕು, ಅದಕ್ಕೆ ಕತ್ತರಿ ಮುಟ್ಟಿಸಬಾರದು.

ಡೊಂಬಿವಲಿ ಮಗಳು | ಸೋಮವಾರ, ಬೆಳಿಗ್ಗೆ 8:10

ಅಯ್ಯೋ ದೇವರೇ. ಹೌದು, ತಂಬೂರಿ ಇತ್ತು. ಶ್ರುತಿ ಕಪ್ಪು ಒಂದೇ, ಸರಿಯಾಗಿ ಹೇಳಿದಿರಿ. ಅಪ್ಪನಿಗೆ ಈಗಷ್ಟೇ ವಿವರಿಸಿದೆ. ‘ಹಂಗಾರ ನನ್ನ ದನಿ ಕೆಟ್ಟಿಲ್ಲ’ ಅಂದರು. ಇಷ್ಟು ದಿನ ಅವರು ಹಾಗೆ ಅಂದುಕೊಂಡಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ವಾಸ್ಕೊ ಬಾನ್ಸುರಿ | ಸೋಮವಾರ, ಮಧ್ಯಾಹ್ನ 1:40

ಗೋವಾದಿಂದ ನಾನು. ನನ್ನ ಮನೆ ದಾಬೋಲಿಂ ವಿಮಾನದ ದಾರಿಯ ಕೆಳಗೆ. ವಿಮಾನ, ನೇವಿ ಹೆಲಿಕಾಪ್ಟರ್, ಬೆಳಿಗ್ಗೆ ಸಂಜೆ ಸೈಕಲ್ ಮೇಲೆ ಪಾವ್ ಮಾರುವ ಪೋದೇರನ ಪೊಂಪೊಂ. ನನಗೆ ಉಳಿದ ದಾರಿ ಹೊತ್ತು ನೋಡುವುದು. ಒಂದು ವಾರ ಗಂಟೆ ಗಂಟೆಗೆ ಏನು ಕೇಳುತ್ತದೆ ಅಂತ ನೋಟುಪುಸ್ತಕದಲ್ಲಿ ಬರೆದೆ. ನನ್ನ ಮನೆಗೆ ಮಧ್ಯಾಹ್ನ ಊಟದ ನಂತರದ ಒಂದೂವರೆ ಗಂಟೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲಿ ಆ ಹೊತ್ತಿಗೆ ಅಂಗಡಿಗಳೂ ಬಾಗಿಲು ಹಾಕುತ್ತವೆ. ರಾತ್ರಿ ಶಾಂತ ಅಂತ ಅನ್ನಿಸುತ್ತದೆ, ಆದರೆ ಮಳೆಗಾಲದಲ್ಲಿ ಕಪ್ಪೆ, ಜೀರುಂಡೆ. ಜೀರುಂಡೆಯ ಸದ್ದು ಕೊಳಲಿನ ಉಸಿರು ಇರುವ ಎತ್ತರದಲ್ಲೇ ಕೂರುತ್ತದೆ. ಅದನ್ನು ತೆಗೆಯಲು ಹೋದರೆ ಉಸಿರೂ ಹೋಗುತ್ತದೆ. ಉಸಿರಿಲ್ಲದ ಬಾನ್ಸುರಿ ಪ್ಲಾಸ್ಟಿಕ್ ಪೀಪಿ.

ಮಳೆಗಾಲದಲ್ಲಿ ಇನ್ನೊಂದು. ಕಂಡೆನ್ಸರ್ ಮೈಕಿಗೆ ತೇವ ಹಿಡಿದರೆ ‘ಪಟ್ ಪಟ್’ ಅಂತ ಸಿಡಿಯುತ್ತದೆ. ಕೆಟ್ಟಿದೆ ಅಂತ ಬಿಸಾಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಗಳ ಜೊತೆ ಒಂದು ದಿನ ಇಡಿ. ನನ್ನದು ಹಾಗೆ ಸರಿಹೋಯಿತು. ಮುಂಬೈಯಲ್ಲೂ ಇದೇ ಕಥೆ ಇರಬೇಕು.

ಡೊಂಬಿವಲಿ ಮಗಳು | ಸೋಮವಾರ, ರಾತ್ರಿ 9:15

ಹೊತ್ತು ಬರೆದಿಡುವುದು ಒಳ್ಳೆಯ ಮಾತು. ಲೋಕಲ್ ಇಲ್ಲದ ಹೊತ್ತು ಅಂದರೆ ನಡುರಾತ್ರಿ ಕಳೆದ ಎರಡು ಮೂರು ಗಂಟೆ ಮಾತ್ರ. ಆಗ ಅಪ್ಪನನ್ನು ಎಬ್ಬಿಸಲು ಆಗುತ್ತದೆಯೇ? ಆ ಹೊತ್ತಿಗೂ ದೂರದ ಎಕ್ಸ್‌ಪ್ರೆಸ್, ಗೂಡ್ಸ್ ಹೋಗುತ್ತಲೇ ಇರುತ್ತವೆ. ಮಧ್ಯಾಹ್ನ ಗಾಡಿಗಳ ನಡುವೆ ಅಂತರ ಸ್ವಲ್ಪ ಜಾಸ್ತಿ, ಆದ್ದರಿಂದ ಮಧ್ಯಾಹ್ನವೇ ಸರಿ ಅನ್ನಿಸುತ್ತದೆ. ಫೋಮ್ ಬಗ್ಗೆ ಯಾರೂ ಹೇಳಲಿಲ್ಲ. ಅದೇಕೆ ಟ್ರೇನನ್ನು ತಡೆಯಲಿಲ್ಲ?

ಮಾಟುಂಗಾ ಮೃದಂಗ | ಸೋಮವಾರ, ರಾತ್ರಿ 9:50

ತಡೆಯುವುದು ಬೇರೆ, ಹೀರುವುದು ಬೇರೆ. ಹೊರಗಿನ ಸದ್ದು ತಡೆಯಲು ಭಾರ ಬೇಕು. ಇಟ್ಟಿಗೆ ಗೋಡೆ ತಡೆಯುತ್ತದೆ, ದಪ್ಪ ಗಾಜು ತಡೆಯುತ್ತದೆ. ಗೋಡೆಯ ಭಾರ ಎರಡು ಪಟ್ಟು ಮಾಡಿದರೆ ಸುಮಾರು 6 ಡೆಸಿಬಲ್ ಸಿಗುತ್ತದೆ ಅಂತ ಲೆಕ್ಕ. ಹಗುರ ಫೋಮಿಗೆ ಭಾರವೇ ಇಲ್ಲ. ಅದು ಒಳಗಿನ ಪ್ರತಿಧ್ವನಿಯನ್ನು ಮಾತ್ರ ಹೀರುತ್ತದೆ, ಅದೂ ತೆಳ್ಳಗಿದ್ದರೆ ಮೇಲಿನ ಸ್ವರಗಳನ್ನಷ್ಟೇ. ಮೊಟ್ಟೆ ಟ್ರೇ ಹಚ್ಚುವವರೂ ಇದ್ದಾರೆ, ಅದರಿಂದ ಅಷ್ಟೂ ಇಲ್ಲ. ನಿಮ್ಮ ಸದ್ದು ಬರುವುದು ಗೋಡೆಯಿಂದಲ್ಲ, ಕಿಟಕಿಯ ಸಂದಿನಿಂದ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಬೆರಳು ಹೋಗುವ ಸಂದು ಇರುತ್ತದೆ. ಅಂಚಿಗೆ ರಬ್ಬರ್ ಪಟ್ಟಿ ಹಾಕಿಸಿ. ಬಾಗಿಲ ಕೆಳಗೆ ಸುತ್ತಿದ ಟವೆಲ್ ಇಡಿ.

ಹೀರಲು ಫೋಮಿಗಿಂತ ಒಳ್ಳೆಯದು ನಮ್ಮ ಮನೆಗಳಲ್ಲೇ ಇದೆ. ಕೌದಿ. ಹಳೆ ಸೀರೆ, ಧೋತರ ಪದರ ಪದರ ಸೇರಿಸಿ ಹೊಲಿದಿರುತ್ತಾರಲ್ಲ, ಅಷ್ಟು ಭಾರದ ಬಟ್ಟೆ ದುಡ್ಡು ಕೊಟ್ಟರೂ ಸುಲಭವಾಗಿ ಸಿಗದು. ಎರಡು ಕೌದಿ ತಗೊಂಡು ಅಪ್ಪನ ಬೆನ್ನ ಹಿಂದೆ ಹಗ್ಗಕ್ಕೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟು. ಬೆನ್ನ ಹಿಂದೆ ಯಾಕೆ ಅಂದರೆ ಮೈಕಿನ ಮುಖ ಇರುವುದು ಆ ಕಡೆಗೇ. ಅಪ್ಪನ ಹಿಂದಿನ ಗೋಡೆಗೆ ಹೊಡೆದು ವಾಪಸ್ ಬರುವುದೆಲ್ಲ ಮೈಕಿನ ಬಾಯಿಗೆ ಬೀಳುತ್ತದೆ. ಮೈಕಿನ ಬೆನ್ನಿಗೆ ಬಟ್ಟೆ ಕಟ್ಟಿ, ಮುಖದ ಎದುರು ಬರಿ ಗೋಡೆ ಬಿಡುವುದು ನಾನು ಬಹಳ ಕಡೆ ನೋಡಿದ ತಪ್ಪು.

ಕೌದಿ ಇಲ್ಲದಿದ್ದರೆ ಹೇಳಿ, ನಮ್ಮಲ್ಲಿ ಅಜ್ಜಿ ಹೊಲಿದದ್ದು ನಾಲ್ಕಿವೆ. ತಂದು ಕೊಡುತ್ತೇನೆ.

ಹಡಪ್ಸರ್ ಹಾರ್ಮೋನಿಯಂ | ಮಂಗಳವಾರ, ಬೆಳಿಗ್ಗೆ 7:45

ನಮ್ಮ ಪುಣೆಯಲ್ಲಿ ಗಣಪತಿಗೆ ಎರಡು ತಿಂಗಳ ಮುಂಚೆಯೇ ಧೋಲ್-ತಾಶಾ ಪಥಕಗಳ ತಾಲೀಮು ಶುರುವಾಗುತ್ತದೆ. ಆಗ ಸಂಜೆ ರೆಕಾರ್ಡಿಂಗ್ ಬಿಟ್ಟೇ ಬಿಡುತ್ತೇನೆ. ಧೋಲಿನ ಕೆಳಗಿನ ನಾದಕ್ಕೆ ಯಾವ ಕಿಟಕಿಯೂ ಸಾಲದು.

ಡೊಂಬಿವಲಿ ಮಗಳು | ಗುರುವಾರ, ಸಂಜೆ 5:30

ಎಲೆಕ್ಟ್ರಿಷಿಯನ್ ಬಂದಿದ್ದರು. ಆ ಪಾಯಿಂಟಿನ ಹಿಂದೆ ಅರ್ಥಿಂಗ್ ವೈರು ಸಡಿಲವಾಗಿ ಕಿತ್ತು ಬಂದಿತ್ತು. ಸರಿಮಾಡಿದರು. ಜುಂ ಹೋಯಿತು. ಚಾರ್ಜರ್ ಹಾಕಿದರೂ ಈಗ ಗುಂಯ್ ಇಲ್ಲ. ಆದರೂ ಬ್ಯಾಟರಿ ಮೇಲೇ ಮಾಡುತ್ತಿದ್ದೇನೆ.

ಮೈಕ್ ಒಂದು ಗೇಣು ದೂರ, ಬೆನ್ನು ಕಿಟಕಿಗೆ. ಕೌದಿ ನಮ್ಮಲ್ಲೇ ಒಂದು ಇತ್ತು, ಇನ್ನೊಂದು ಪಕ್ಕದ ಮನೆ ಕಾಕು ಅವರ ಗೋಧಡಿ. ಗೇನ್ ಮುಕ್ಕಾಲಿನಿಂದ ಅರ್ಧಕ್ಕೆ ಬಂದಿದೆ. ನಿಜವಾಗಿ ಹೇಳುತ್ತೇನೆ, ಮೊದಲ ಸಲ ಕೇಳಿದಾಗ ಬೇರೆ ಯಾರದೋ ರೆಕಾರ್ಡಿಂಗ್ ಹಾಕಿದ್ದೇನೇನೋ ಅನ್ನಿಸಿತು.

ಈಗ ಎರಡು ತೊಂದರೆ ಉಳಿದಿವೆ. ಅಪ್ಪ ಹೆಡ್‌ಫೋನ್ ಹಾಕಲು ಒಪ್ಪುತ್ತಿಲ್ಲ. ‘ಕಿವಿ ಮುಚ್ಚಿಕೊಂಡು ಶ್ರುತಿ ಹೆಂಗ ಹಿಡೀಲಿ’ ಅಂತಾರೆ. ಎರಡನೆಯದು ಅಮ್ಮನ ಬಳೆ. ತಾಳ ಹಾಕಿದಾಗಲೆಲ್ಲ ಗಾಜಿನ ಬಳೆ ಝಣ್ ಅನ್ನುತ್ತದೆ. ಮೈಕ್ ಹತ್ತಿರ ಬಂದ ಮೇಲೆ ಉಳಿದೆಲ್ಲ ಶಾಂತವಾಗಿ ಅದೊಂದೇ ಎದ್ದು ಕೇಳುತ್ತಿದೆ. ಬಳೆ ತೆಗೆ ಅಂತ ನಾನು ಅಮ್ಮನಿಗೆ ಹೇಳುವುದಿಲ್ಲ.

ಮುಲುಂಡ್ ಮೈಕ್ | ಗುರುವಾರ, ರಾತ್ರಿ 11:10

ತೆಗೆಯುವುದು ಬೇಡ. ಮೆತ್ತನೆಯ ಕರವಸ್ತ್ರ ಬಳೆಗಳ ಮೇಲೆ ಸುತ್ತಿ ಒಂದು ಹೇರ್‌ಬ್ಯಾಂಡ್ ಹಾಕಿ. ಅಮ್ಮನನ್ನು ಅಪ್ಪನ ಎದುರಿಗೆ, ಮೈಕಿನ ಬೆನ್ನ ಕಡೆ ಕೂರಿಸಿ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ, ತಾಳವೂ ತಪ್ಪುವುದಿಲ್ಲ.

ಹೆಡ್‌ಫೋನಿನ ವಿಷಯದಲ್ಲಿ ಅಪ್ಪ ಹೇಳುವುದು ನ್ಯಾಯ. ತಂಬೂರಿ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಕೇಬಲ್ಲಿನಿಂದ ಇಂಟರ್‌ಫೇಸಿನ ಎರಡನೇ ಇನ್‌ಪುಟ್ಟಿಗೆ ಕೊಡಿ. ಅದು ಶುದ್ಧವಾಗಿ ಬೇರೆ ಟ್ರ್ಯಾಕಿನಲ್ಲಿ ಬೀಳುತ್ತದೆ. ಇಂಟರ್‌ಫೇಸಿನ ಹೆಡ್‌ಫೋನ್ ತೂತಿನಿಂದ ಒಂದು ಸಣ್ಣ ಸ್ಪೀಕರಿಗೆ ತಂದು ಮೈಕಿನ ಬೆನ್ನ ಹಿಂದೆ ಇಡಿ. ಅಪ್ಪನ ಮೈಕಿನ ದನಿ ಅದರಲ್ಲಿ ಬರಬಾರದು, ತಂಬೂರಿ ಮಾತ್ರ ಬರಬೇಕು. ಇಲ್ಲವಾದರೆ ಕೂಗುತ್ತದೆ. ಅಪ್ಪನಿಗೆ ಕೇಳುವಷ್ಟು ಮೆಲ್ಲಗೆ ಇದ್ದರೆ ಸಾಕು. ಮೈಕಿಗೆ ಸ್ವಲ್ಪ ಸೋರುತ್ತದೆ, ಪರವಾಗಿಲ್ಲ. ಅದೇ ಶ್ರುತಿ, ಅದೇ ತಂಬೂರಿ.

ಈಗ ಸಾಫ್ಟ್‌ವೇರಿಗೆ ಬರೋಣ. ಪ್ರತಿ ದಿನ ಶುರು ಮಾಡುವ ಮುಂಚೆ ತಂಬೂರಿ ಬಂದ್ ಮಾಡಿ, ಎಲ್ಲರೂ ಉಸಿರು ಬಿಗಿಹಿಡಿದು 15 ಸೆಕೆಂಡ್ ಖಾಲಿ ಕೋಣೆ ರೆಕಾರ್ಡ್ ಮಾಡಿ. ಅದೇ ಮಾದರಿ. ಗೇನ್ ಬದಲಾದರೆ ಮತ್ತೆ ಹೊಸದು. ಆಡಾಸಿಟಿ ತಾನಾಗಿ ಎಷ್ಟೇ ಡೆಸಿಬಲ್ ತೋರಿಸಲಿ, ನೀವು 6 ಇಡಿ. ದನಿಯ ಟ್ರ್ಯಾಕಿಗೆ ಮಾತ್ರ. ಅದರಲ್ಲೇ ‘ರೆಸಿಡ್ಯೂ’ ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿದರೆ ಏನನ್ನು ತೆಗೆಯುತ್ತಿದೆಯೋ ಅದನ್ನು ಮಾತ್ರ ಕೇಳಬಹುದು. ಅಲ್ಲಿ ಬರಿ ‘ಸ್ಸ್’ ಕೇಳಿದರೆ ಸರಿ. ಅಪ್ಪನ ಅಕ್ಷರಗಳು, ಗಮಕ ಕೇಳಿಸಿದರೆ ನೀವು ಹಾಡನ್ನು ತೆಗೆಯುತ್ತಿದ್ದೀರಿ ಅಂತ ಅರ್ಥ, ಇನ್ನೂ ಇಳಿಸಿ. ಮೂಲ ಫೈಲು ಮಾತ್ರ ಯಾವತ್ತೂ ಮುಟ್ಟಬೇಡಿ. ಎರಡು ಕಡೆ ನಕಲು ಇಡಿ. ಹತ್ತು ವರ್ಷದ ಮೇಲೆ ಇದಕ್ಕಿಂತ ಒಳ್ಳೆಯ ಉಪಕರಣ ಬಂದರೆ ಮೂಲ ಬೇಕಾಗುತ್ತದೆ.

ನಡುವೆ ಗೇಟ್ (ದನಿ ಒಂದು ಮಟ್ಟಕ್ಕಿಂತ ಇಳಿದರೆ ಪೂರ್ತಿ ಬಂದ್ ಮಾಡುವ ಆಯ್ಕೆ) ಹಾಕಲು ಯಾರಾದರೂ ಹೇಳಿದರೆ ಹಾಕಬೇಡಿ. ಪದದ ಕೊನೆಯಲ್ಲಿ ಅಪ್ಪ ಸ್ವರ ಸಣ್ಣಗೆ ಬಿಡುತ್ತಾರಲ್ಲ, ಅದನ್ನು ಅದು ಕಡಿದು ಹಾಕುತ್ತದೆ.

ವಾಸ್ಕೊ ಬಾನ್ಸುರಿ | ಶುಕ್ರವಾರ, ಬೆಳಿಗ್ಗೆ 6:50

ಗೇಟ್ ಬಗ್ಗೆ ನೂರಕ್ಕೆ ನೂರು ನಿಜ. ನನ್ನ ಒಂದು ಆಲಾಪ ಹಾಗೇ ಹಾಳಾಯಿತು.

ಡೊಂಬಿವಲಿ ಮಗಳು | ಮುಂದಿನ ಭಾನುವಾರ, ರಾತ್ರಿ 8:30

ಇವತ್ತಿಗೆ ಹನ್ನೊಂದು ಪದ ಆದವು.

ಅಮ್ಮ ಎದುರಿಗೆ ಕೂತ ಮೇಲೆ ಅಪ್ಪನ ಹಾಡೇ ಬದಲಾಗಿದೆ. ಕರವಸ್ತ್ರ ಕಟ್ಟಿದ್ದಕ್ಕೆ ಬಳೆ ಶಾಂತ. 6 ಡೆಸಿಬಲ್ ಹಾಕಿ ರೆಸಿಡ್ಯೂ ಕೇಳಿದೆ, ಬರಿ ಗಾಳಿಯ ಸದ್ದು. ಎರಡು ಪದಗಳಿಗೆ ಅದೂ ಬೇಕಾಗಲಿಲ್ಲ. ಟ್ರೇನು ಬರುವ ಸೂಚನೆ ಸಿಕ್ಕಿದರೆ ನಾನು ಕೈ ಎತ್ತುತ್ತೇನೆ, ಅಪ್ಪ ನಿಲ್ಲಿಸುತ್ತಾರೆ, ಗಾಡಿ ಹೋದ ಮೇಲೆ ಚರಣದ ಮೊದಲಿನಿಂದ ಮತ್ತೆ.

ಒಂಬತ್ತನೆಯ ಪದದ ಕೊನೆಯ ಸಾಲಿನಲ್ಲಿ ಮಾತ್ರ ದೂರದಲ್ಲಿ ಗಾಡಿಯ ಹಾರ್ನ್ ಬಂತು. ನಾನು ಕೈ ಎತ್ತಿದೆ. ಅಪ್ಪ ಕಣ್ಣು ಮುಚ್ಚಿದ್ದರು, ನೋಡಲಿಲ್ಲ, ಮುಗಿಸಿಬಿಟ್ಟರು. ಅಷ್ಟು ಚೆನ್ನಾಗಿ ಆ ಪದವನ್ನು ಅವರು ಹಾಡಿದ್ದು ನಾನು ಕೇಳಿಲ್ಲ. ಇದನ್ನು ಏನು ಮಾಡಲಿ ಮುಲುಂಡ್ ಸರ್?

ಮುಲುಂಡ್ ಮೈಕ್ | ಮುಂದಿನ ಭಾನುವಾರ, ರಾತ್ರಿ 9:05

ಹಾಗೇ ಇಡಿ. ಹಾರ್ನ್ ಎಷ್ಟು ಸೆಕೆಂಡಿದೆ? ಎರಡು ಮೂರು ಸೆಕೆಂಡಾದರೆ ಮತ್ತು ಅಪ್ಪನಿಗೆ ಮನಸ್ಸಿದ್ದರೆ, ಇನ್ನೊಂದು ದಿನ ಅದೇ ಕೂರಿಕೆಯಲ್ಲಿ ಆ ಒಂದು ಸಾಲು ಹಾಡಿಸಿಕೊಂಡು ಸೇರಿಸಿ ನೋಡಬಹುದು. ಹೊಂದದಿದ್ದರೆ ಹಾರ್ನ್ ಇರುವುದನ್ನೇ ಉಳಿಸಿ. ಫೈಲಿನ ಹೆಸರಿನಲ್ಲಿ ತಾರೀಖು, ಶ್ರುತಿ, ಅಜ್ಜಿಯ ಊರು ಬರೆಯುವುದನ್ನು ಮರೆಯಬೇಡಿ.

ಡೊಂಬಿವಲಿ ಮಗಳು | ಮುಂದಿನ ಭಾನುವಾರ, ರಾತ್ರಿ 9:20

ನಾಲ್ಕು ಸೆಕೆಂಡಿದೆ. ಅಪ್ಪನನ್ನು ಕೇಳಿದೆ. ‘ಆ ಸಾಲು ಮತ್ತ ಹಂಗ ಬರೂದಿಲ್ಲ, ಇರಲಿ ಬಿಡು’ ಅಂದರು. ಇಟ್ಟಿದ್ದೇನೆ. ಬುಧವಾರ ಮಧ್ಯಾಹ್ನ ಹನ್ನೆರಡನೆಯದು. ಮಾಟುಂಗಾ ಅಣ್ಣ, ಆ ಹೊತ್ತಿಗೆ ನಿಮ್ಮ ಒಂದು ಕೌದಿ ಸಿಗಬಹುದೇ? ಕಾಕು ಅವರಿಗೆ ಅವರ ಗೋಧಡಿ ವಾಪಸ್ ಕೊಡಬೇಕು.